ಲವಾನನ ನಡುದನಿ

ನನ್ನ ಮೂವರು ಸೋದರರಲ್ಲಿ ನಡುವಿನವನಾದ ಲವಾನ್ ತೀರಿಕೊಂಡ ಬೆಳಿಗ್ಗೆ ನಾನು ಮೊದಲು ಫೋನ್ ಮಾಡಿದ್ದು ಕಿರಿಯವನಾದ ಡಾಯ್ಲನಿಗೆ. ಕ್ರಮ ನೋಡಿದರೆ ಹಿರಿಯಣ್ಣ ಆರಿನ್ನನಿಗೆ ಮೊದಲು ತಿಳಿಸಬೇಕಿತ್ತು. ಆದರೆ ಆರಿನ್ನನಿಗೆ ಮೊದಲು ತಿಳಿಯಿತೆಂಬ ಒಂದೇ ಕಾರಣಕ್ಕೆ ಡಾಯ್ಲ್ ಮಣ್ಣಿಗೆ ಬಾರದೆ ಉಳಿದರೂ ಉಳಿದಾನು. ನಮ್ಮ ಮನೆಯಲ್ಲಿ ಸಾವಿನ ಸುದ್ದಿಯನ್ನೂ ಹೀಗೆ ಅಳೆದು ಸುರಿದು ಹಂಚಬೇಕಾದ ಕಾಲ ಬಂದು ಎಷ್ಟೋ ವರ್ಷಗಳಾಗಿದ್ದವು.

"ಹೋದ್ನಾ?" ಅಂದ ಡಾಯ್ಲ್, ನಾನು ಬಾಯಿ ತೆರೆಯುವ ಮೊದಲೇ.

"ಹೋದ. ನಿದ್ದೇಲೇ."

ಫೋನಿನಾಚೆ ಅವನ ನಾಯಿ ಬೊಗಳುವುದು ಕೇಳಿಸುತ್ತಿತ್ತು.

"ಮಂಗಳವಾರ ಮಣ್ಣು. ನಮ್ಮ ಚರ್ಚಿನ ಸಭೇಲೇ," ಅಂದೆ.

"ನಿಮ್ಮ ಸಭೆ."

"ಸರಿಯಪ್ಪ, ನಮ್ಮದೇ ಸಭೆ, ನಿಂದಲ್ಲ. ಡಾಯ್ಲ್, ಅವನು ಒಂದು ಮಾತು ಕೇಳ್ಕೊಂಡು ಹೋಗಿದಾನೆ."

"ಹೇಳ್ಬೇಡ ಟ್ವೈಲಾ."

"ಅಪ್ಪನ ಹಾಡು ಹಾಡ್ಬೇಕಂತೆ. ನೀನು, ಆರಿನ್, ಇಬ್ಬರೂ ಸೇರಿ. ಬೇರೇನೂ ಬೇಡ ಅಂದ. ಹೂವೂ ಬೇಡ ಅಂದ. 'ಮಾಡಿಸ್ತೀಯಾ' ಅಂತ ನನ್ನ ಕೈ ಹಿಡ್ಕೊಂಡ. ಹೂಂ ಅಂದ್ಬಿಟ್ಟೆ."

"ಹೂಂ ಅನ್ನೋಕೆ ನಿಂದೇನು ಹೋಯ್ತು? ಗಂಟಲು ನಂದು."

ಆ ಗಂಟಲಿನ ಕಥೆಯನ್ನು ಹೇಳದೆ ಮುಂದಿನದನ್ನು ಹೇಳಲಾಗದು.

ಪಿಯರ್ ಲ್ಯಾಂಪ್ಸ್ ಬ್ಯಾಂಡು ಎಂದರೆ ನನ್ನ ಈ ಮೂವರು ಸೋದರರೇ. ಅರವತ್ತರ ದಶಕದಲ್ಲಿ ಕಾರಿನ ರೇಡಿಯೋ ಹಚ್ಚಿದವರೆಲ್ಲ ಅವರನ್ನು ಕೇಳಿದವರೇ. ಗಿಟಾರು, ಡ್ರಮ್ಮು ಎಲ್ಲವೂ ಇದ್ದವು. ಅವು ಬೇರೆ ಬ್ಯಾಂಡುಗಳಲ್ಲೂ ಇದ್ದವು. ಜನ ಕಡಲದಂಡೆಯಲ್ಲಿ ಕಾರು ನಿಲ್ಲಿಸಿಕೊಂಡು ಕೇಳುತ್ತಿದ್ದದ್ದು ಮೂರು ದನಿಗಳು ಒಂದಾಗುತ್ತಿದ್ದ ರೀತಿಯನ್ನು. ಆರಿನ್ ಹಾಡಿನ ಧಾಟಿ ಹಿಡಿಯುತ್ತಿದ್ದ. ಡಾಯ್ಲ್ ಅದರ ಮೇಲೆ, ಗಾಳಿಪಟದ ಹಾಗೆ. ಲವಾನ್ ಇಬ್ಬರ ನಡುವೆ. ಈ ನಡುದನಿ ಕೇಳುಗರ ಕಿವಿಗೆ ಬೇರೆಯಾಗಿ ಬೀಳುವುದೇ ಇಲ್ಲ. ಅದು ಇಲ್ಲದಿದ್ದಾಗ ಮಾತ್ರ ಎಲ್ಲೋ ಗೋಡೆ ಬಿದ್ದ ಹಾಗೆ ಎಲ್ಲರಿಗೂ ಗೊತ್ತಾಗುತ್ತದೆ. "ನನ್ನ ದನಿ ನನಗೇ ಕೇಳಿಸ್ತು ಅಂದ್ರೆ ಜೋರಾಯ್ತು ಅಂತ ಅರ್ಥ" ಎನ್ನುತ್ತಿದ್ದ ಲವಾನ್.

ಅವರು ಇದನ್ನು ಕಲಿತದ್ದು ನಮ್ಮ ಊಟದ ಮೇಜಿನಲ್ಲಿ. ಅಪ್ಪ ಒಕ್ಲಹೋಮದಿಂದ ವೆಂಚುರಾದ ಎಣ್ಣೆಬಾವಿಗಳಿಗೆ ಕೂಲಿಗೆ ಬಂದವನು. ಜೊತೆಗೆ ತಂದದ್ದು ಒಂದು ಹಾಸಿಗೆ, ಒಂದು ಬಾಣಲೆ, ಮತ್ತು ನಮ್ಮ ಸಭೆಯ ಕಟ್ಟುಪಾಡು. ನಮ್ಮ ಸಭೆಯಲ್ಲಿ ವಾದ್ಯವಿಲ್ಲ. ಪಿಯಾನೊ ಇಲ್ಲ, ಆರ್ಗನ್ ಇಲ್ಲ, ರೆಕಾರ್ಡು ಹಾಕುವುದಂತೂ ಇಲ್ಲವೇ ಇಲ್ಲ. ದೇವರು ಕೊಟ್ಟ ಗಂಟಲೊಂದೇ. ಹಾಡುವ ತಂಡವೂ ಬೇರೆ ಇಲ್ಲ, ಕೂತವರೆಲ್ಲ ಹಾಡುವವರೇ. ಗಂಡಸೊಬ್ಬ ಮುಂದೆ ನಿಂತು, ಕೈ ಎತ್ತಿ, ಮೆಲ್ಲಗೆ ಶ್ರುತಿ ಹಿಡಿದು ಕೊಡುತ್ತಾನೆ. ಹಾಡು ಎತ್ತಿಕೊಡುವವನು ಎಂದರೆ ಅವನೇ. ನಮ್ಮಪ್ಪ ಸಾಯುವ ತನಕ ಆ ಕೆಲಸ ಮಾಡಿದ. ಮನೆಯಲ್ಲಿ ಬೈಬಲಿನ ಒಂದು ಕೀರ್ತನೆಯನ್ನು ಬಾಯಿಪಾಠ ಒಪ್ಪಿಸಿ, ಒಂದು ಗೀತೆಯನ್ನು ಅವರವರ ದನಿಯಲ್ಲಿ ಹಾಡಿದ ಮೇಲೆಯೇ ಬೀನ್ಸಿನ ಪಾತ್ರೆಯ ಮುಚ್ಚಳ ತೆಗೆಯುತ್ತಿದ್ದದ್ದು. ಹಸಿದ ಮಕ್ಕಳು ಬೇಗ ಕಲಿಯುತ್ತಾರೆ.

'ಆಚೆ ದಡದ ಬೆಳಕು' ಅಪ್ಪನೇ ಕಟ್ಟಿದ ಹಾಡು. ಅವನು ಅದನ್ನು ತಗ್ಗಿನಲ್ಲಿ ಎತ್ತುತ್ತಿದ್ದ, ಎಣ್ಣೆಬಾವಿಯಿಂದ ಬಂದ ದಣಿದ ಗಂಡಸರೂ ಮುಟ್ಟುವ ಹಾಗೆ.

ಹುಡುಗರು ತಮ್ಮ ಎರಡನೆಯ ರೆಕಾರ್ಡಿನ ಕೊನೆಗೆ ಆ ಹಾಡನ್ನು ಹಾಕಿದರು. ಹಾಲಿವುಡ್ಡಿನ ಸ್ಟುಡಿಯೋದವನು ಟೇಪನ್ನು ಒಂದಿಷ್ಟು ಬೇಗ ಓಡಿಸಿ ನೋಡಿದ. ದನಿಗಳು ಎಳೆಯವಾಗಿ, ಮಿರಿಮಿರಿ ಮಿಂಚಿದವು. ಜೊತೆಗೆ ಶ್ರುತಿಯೂ ಒಂದು ಮೆಟ್ಟಿಲು ಮೇಲೇರಿತು. ಲವಾನ್, ಡಾಯ್ಲ್ ಊಟಕ್ಕೆ ಹೋಗಿದ್ದರು. ಆರಿನ್ ಒಬ್ಬನೇ ಇದ್ದ. "ಹೀಗೇ ಇರ್ಲಾ?" ಎಂದು ಕೇಳಿದಾಗ ಅವನು ಹೌದೆಂದು ತಲೆಯಾಡಿಸಿದ.

ರೆಕಾರ್ಡು ಮನೆಮನೆಗೆ ಹೋಯಿತು. ಆಮೇಲೆ ಯಾವ ಊರಿಗೆ ಹೋದರೂ ಜನ ಕೇಳಿದ್ದು ಆ ಹಾಡನ್ನೇ, ಆ ಶ್ರುತಿಯಲ್ಲೇ. ಟೇಪು ಏರಿದ ಎತ್ತರಕ್ಕೆ ಡಾಯ್ಲ್ ಪ್ರತಿ ಸಂಜೆ ತನ್ನ ಗಂಟಲಿನಿಂದ ಏರಬೇಕಾಯಿತು. ಗಂಟಲಲ್ಲಿ ಗಂಟುಗಳಾದವು, ಕೊಯ್ಯಿಸಿದ, ಮತ್ತೆ ಆದವು. "ನನ್ನ ಗಂಟಲನ್ನ ತಲೆ ಆಡಿಸಿ ಮಾರಿದೋನು ಅವನು" ಎಂದು ಡಾಯ್ಲ್ ಹೇಳಲು ಶುರುಮಾಡಿದ. ಬ್ಯಾಂಡು ಒಡೆಯಿತು. ಹೆಸರು ಯಾರದೆಂದು ಕೋರ್ಟಿಗೆ ಹೋದರು. ಹೆಸರು ಆರಿನ್ನನಿಗೆ ಸಿಕ್ಕಿತು. ಅವನು ಬಾಡಿಗೆಯ ಎಳೆಯ ಗಂಟಲುಗಳನ್ನು ಕಟ್ಟಿಕೊಂಡು ಜಾತ್ರೆ, ಹಡಗು, ಕ್ಯಾಸಿನೊ ಎಂದು ಮೊನ್ನೆಮೊನ್ನೆಯ ತನಕ ಸುತ್ತಿದ. ಲವಾನ್ ಇಬ್ಬರ ಕಡೆಯೂ ಹೋಗಲಿಲ್ಲ. ನಿಂಬೆಹಣ್ಣಿನ ಗೋದಾಮುಗಳಲ್ಲಿ ತಂಪು ಮಾಡುವ ಯಂತ್ರಗಳನ್ನು ರಿಪೇರಿ ಮಾಡುತ್ತ, ಕ್ರಿಸ್‌ಮಸ್‌ನಲ್ಲಿ ಮಧ್ಯಾಹ್ನ ಒಬ್ಬನ ಮನೆಗೆ, ಸಂಜೆ ಇನ್ನೊಬ್ಬನ ಮನೆಗೆ ಹೋಗಿ ಎರಡೆರಡು ಸಲ ಊಟ ಮಾಡುತ್ತ ಮುದುಕನಾದ.

"ಒಂದು ಷರತ್ತು," ಅಂದ ಡಾಯ್ಲ್ ಫೋನಿನಲ್ಲಿ, ಕೊನೆಗೂ. "ಅಪ್ಪನ ಶ್ರುತಿ. ಅಪ್ಪ ಎತ್ತಿದ ಹಾಗೇ. ರೆಕಾರ್ಡಿನ ಶ್ರುತಿ ಎತ್ತಿದ್ರೆ ಅಲ್ಲಿಂದ್ಲೇ ಎದ್ದು ಹೋಗ್ತೀನಿ. ಆಮೇಲೆ ನಿನ್ನ ಮಣ್ಣಿಗೂ ಬರಲ್ಲ ನಾನು."

"ನನ್ನ ಮಣ್ಣಿಗೆ ನೀನು ಬರ್ದಿದ್ರೆ ನನಗೇನು ಗೊತ್ತಾಗುತ್ತೆ?" ಅಂದೆ. ಅವನು ನಗಲಿಲ್ಲ.

ಸಭೆಯ ಹಿರಿಯರಾದ ಬ್ರದರ್ ಹಾಲಿಸ್ ಪ್ರೂಯಿಟ್ ಅವರನ್ನು ಅಂದೇ ಕಂಡೆ. ಅವರು ತಮ್ಮ ಗ್ಯಾರೇಜಿನಲ್ಲಿ ಕುರ್ಚಿಯ ಕಾಲಿಗೆ ಉಜ್ಜುಕಾಗದ ಹಾಕುತ್ತಿದ್ದರು. ಉಜ್ಜುವುದನ್ನು ನಿಲ್ಲಿಸದೆಯೇ ಕೇಳಿಸಿಕೊಂಡರು.

"ಮುಂದೆ ನಿಂತು ಇಬ್ಬರು ಹಾಡಿ ತೋರಿಸೋದು ನಮ್ಮಲ್ಲಿಲ್ಲ, ಸಿಸ್ಟರ್ ಟ್ವೈಲಾ. ಹಾಡಿದ್ರೆ ಸಭೆ ಪೂರ್ತಿ ಹಾಡುತ್ತೆ."

"ಸಭೇನೇ ಹಾಡ್ಲಿ, ಬ್ರದರ್ ಹಾಲಿಸ್. ಅವರಿಬ್ಬರೂ ಸಭೇಲಿ ಇರ್ತಾರಲ್ಲ."

"ಯಾರು ಎತ್ತಿಕೊಡೋದು? ಡಾಯ್ಲ್ ಆಗಲ್ಲ. ಅವನು ಸಭೆ ಬಿಟ್ಟು ಹೋದೋನು. ಆರಿನ್ ಆದ್ರೆ ಅಡ್ಡಿ ಇಲ್ಲ, ಅವನು ಹಿಂದಕ್ಕೆ ಬಂದು ಸಭೆ ಬಿಟ್ಟಿದ್ದು ತಪ್ಪು ಅಂತ ಒಪ್ಕೊಂಡಿದಾನೆ."

ಶ್ರುತಿ ಕೊಡುವವನು ಆರಿನ್ನನೇ.

"ಒಂದೇ ಹಾಡು ತಾನೆ?" ಅಂದರು ಹಾಲಿಸ್, ಈಗ ನನ್ನ ಮುಖ ನೋಡಿ. "ಅದಕ್ಕೆ ಯಾಕಮ್ಮ ಹಿಂಗೆ ಬೆವರ್ತಿದೀಯ?"

ಆರಿನ್ನನ ಮನೆಗೆ ಹೋದಾಗ ಅವನು ಅಡುಗೆಮನೆಯಲ್ಲಿ ಬೂಟಿಗೆ ಪಾಲಿಶ್ ಹಾಕುತ್ತಿದ್ದ. ವಯಸ್ಸು ಎಪ್ಪತ್ತು ದಾಟಿದರೂ ಕೂದಲನ್ನು ರೆಕಾರ್ಡಿನ ಮುಖಪುಟದಲ್ಲಿದ್ದ ಹಾಗೇ ಬಾಚುತ್ತಿದ್ದ. ಡಾಯ್ಲನ ಷರತ್ತು ಹೇಳಿದೆ.

"ಅಪ್ಪನ ಹಾಡನ್ನ ಅಪ್ಪನ ಶ್ರುತೀಲಿ ಎತ್ತೋಕೆ ನನಗೆ ಅವನು ಷರತ್ತು ಹಾಕ್ಬೇಕಾ? ನನಗಷ್ಟು ಗೊತ್ತಾಗಲ್ವಾ?"

"ಗೊತ್ತಾಗುತ್ತೆ. ಆದ್ರೂ ಒಂದ್ಸಲ ಈಗ ಹಿಡಿದು ನೋಡು. ನಾನು ಕೇಳ್ತೀನಿ."

"ನಾನೇನು ಭಾನುವಾರದ ಶಾಲೆ ಹುಡುಗನಾ?"

"ಹಾಗಾದ್ರೆ ಸ್ವರ ಸಿಗೋಕೆ ಶ್ರುತಿಬಿಲ್ಲೆ ಊದ್ಕೋ. ಬ್ರದರ್ ಹಾಲಿಸ್ ಹತ್ರ ಇದೆ. ಎಲ್ರೂ ಊದ್ಕೋತಾರೆ."

"ಅಪ್ಪ ಯಾವತ್ತಾದ್ರೂ ಊದಿದ್ನಾ?" ಎಂದು ಬೂಟು ನೆಲಕ್ಕಿಟ್ಟ. "ಹೋಗು ಟ್ವೈಲಾ. ಮಣ್ಣಾದ ಮೇಲಿನ ಊಟಕ್ಕೆ ಹ್ಯಾಮ್ ಯಾರು ತರ್ತಾರೆ ಅದನ್ನ ನೋಡ್ಕೋ. ಹಾಡು ನನಗೆ ಬಿಡು."

ಹೊರಡುವಾಗ ಬಾಗಿಲ ತನಕ ಬಂದ. "ಅವನು ಬರ್ತಾನಾ, ನಿಜವಾಗ್ಲೂ?" ಎಂದ. ಆ ದನಿಯಲ್ಲಿ ಕೋರ್ಟು ಗೆದ್ದವನು ಇರಲಿಲ್ಲ. ಆದರೆ ನಾನು ತಿರುಗಿ ನೋಡುವಷ್ಟರಲ್ಲಿ ಅವನು ಒಳಗೆ ಹೋಗಿಬಿಟ್ಟಿದ್ದ.

ಮಂಗಳವಾರ ಬೆಟ್ಟದ ಕಡೆಯಿಂದ ಬಿಸಿಗಾಳಿ ಬೀಸಿತು. ವರ್ಷವರ್ಷವೂ ಬರುವ ಈ ಒಣಗಾಳಿ ಮರಳನ್ನೂ ಬೂದಿಯನ್ನೂ ಊರೊಳಗೆ ತರುತ್ತದೆ. ತುಟಿ ಒಡೆಯುತ್ತದೆ, ನಾಯಿಗಳು ಕಾರಣವಿಲ್ಲದೆ ಜಗಳವಾಡುತ್ತವೆ, ಹಾಡುವವರು ಮನೆಯಿಂದ ಹೊರಬರುವುದಿಲ್ಲ. ಸಭೆಯ ಬಾಗಿಲಲ್ಲಿ ನಿಂತು ಬಂದವರ ಕೈಕುಲುಕುತ್ತಿದ್ದೆ. ಅಷ್ಟು ಜನರನ್ನು ನಾನು ಎಣಿಸಿರಲಿಲ್ಲ. ನಮ್ಮ ಸಭೆಯವರು ಮುಂದಿನ ಬೆಂಚುಗಳನ್ನು ತುಂಬುವ ಮೊದಲೇ ಹಿಂದಿನ ಬೆಂಚುಗಳು ತುಂಬಿದ್ದವು. ಎಲ್ಲ ನರೆತ ತಲೆಗಳು. ಕೆಲವರು ಬಣ್ಣ ಮಾಸಿದ ಬ್ಯಾಂಡಿನ ಅಂಗಿಯ ಮೇಲೆಯೇ ಕೋಟು ತೊಟ್ಟಿದ್ದರು.

"ನಾನು ಮಾರ್ಲಿಸ್, ಬೇಕರ್ಸ್‌ಫೀಲ್ಡಿಂದ," ಅಂದಳು ಊರುಗೋಲಿನ ಹೆಂಗಸೊಬ್ಬಳು. "ನನ್ನ ಗಂಡ ಹೋದಾಗ ಆ ಹಾಡನ್ನೇ ಹಾಕಿದ್ವಿ. ಇವತ್ತು ರೆಕಾರ್ಡ್ ಹಾಕ್ತೀರಾ?"

"ಇಲ್ಲಿ ರೆಕಾರ್ಡು ಹಾಕಲ್ಲಮ್ಮ. ಎಲ್ರೂ ಹಾಡ್ತೀವಿ."

"ಅದಕ್ಕೇನಂತೆ! ಒಂದೊಂದು ಉಸಿರೂ ಗೊತ್ತು ನಮಗೆ."

ಡಾಯ್ಲ್ ಕೊನೆಯಲ್ಲಿ ಬಂದ. ಸೊರಗಿದ್ದ. ಹ್ಯಾಟನ್ನು ಎದೆಗೆ ಒತ್ತಿಕೊಂಡು ಯಾರನ್ನೂ ನೋಡದೆ ನಡೆದು ಬಂದು ಮೊದಲ ಬೆಂಚಿನಲ್ಲಿ ನನ್ನ ಪಕ್ಕ ಕೂತ. ಎದುರಿಗೆ ಲವಾನನ ಪೆಟ್ಟಿಗೆ. ಅದರಾಚೆ, ಹಾಡು ಎತ್ತಿಕೊಡುವವನ ಜಾಗದಲ್ಲಿ, ಆರಿನ್. ಬದುಕಿದ್ದಾಗ ಇದ್ದ ಹಾಗೇ ಲವಾನ್ ಅವರಿಬ್ಬರ ನಡುವೆ ಇದ್ದ.

"ಏನು ಕುಡಿದು ಬಂದೆ?" ಎಂದು ಮೆಲ್ಲಗೆ ಕೇಳಿದೆ. ಗಂಟಲು ಒಣಗಿತ್ತೇನೋ ಎಂದು.

"ಜೇನು, ಬಿಸಿನೀರು. ಬೆಳಿಗ್ಗೆಯಿಂದ ಒಂದು ಮಾತಾಡಿಲ್ಲ. ಈಗ ನೀನು ಮಾತಾಡಿಸ್ತಿದೀಯ."

ಹಾಲಿಸ್ ಪ್ರಾರ್ಥನೆ ಮಾಡಿದರು. ಇಪ್ಪತ್ತಮೂರನೆಯ ಕೀರ್ತನೆಯನ್ನು ಪುಸ್ತಕ ತೆರೆಯದೆ ಹೇಳಿದರು. ನನ್ನ ತುಟಿಗಳು ಅವರಿಗಿಂತ ಒಂದು ಪದ ಮುಂದೆ ಓಡುತ್ತಿದ್ದವು. ಆಮೇಲೆ ಅವರು ಆರಿನ್ನನ ಕಡೆ ನೋಡಿ ತಲೆ ಬಗ್ಗಿಸಿದರು. ಎಲ್ಲರೂ ಎದ್ದು ನಿಂತೆವು. ಬೆಂಚುಗಳು ಕಿರುಗುಟ್ಟಿದವು.

ಆರಿನ್ ಕೈ ಎತ್ತಿದ. ಕಣ್ಣು ಮುಚ್ಚಿ, ಮೂಗಿನಲ್ಲಿ ಸ್ವರ ಹಿಡಿದ.

ಆ ಸ್ವರ ಹೊರಡುವಾಗಲೇ ನನಗೆ ಗೊತ್ತಾಯಿತು. ಮೇಲಿತ್ತು. ಒಂದು ಮೆಟ್ಟಿಲು, ಸರಿಯಾಗಿ ಒಂದೇ ಮೆಟ್ಟಿಲು ಮೇಲೆ. ಅದು ರೆಕಾರ್ಡಿನ ಶ್ರುತಿ. ಎಷ್ಟು ಸಾವಿರ ಸಂಜೆ, ಎಷ್ಟು ಜಾತ್ರೆಗಳಲ್ಲಿ ಅವನ ಮೈ ಅದನ್ನು ಹಿಡಿದಿತ್ತೋ, ಇಂದೂ ತಾನಾಗಿ ಹಿಡಿಯಿತು. ಅವನ ಮುಖದಲ್ಲಿ ಯಾವ ಅನುಮಾನವೂ ಇರಲಿಲ್ಲ.

ಹಿಂದಿನ ಬೆಂಚುಗಳು ಅದನ್ನು ಕಾದಿದ್ದವರ ಹಾಗೆ ಎತ್ತಿಕೊಂಡವು. ಅವರಿಗೆ ಆ ಹಾಡಿಗೆ ಇರುವುದು ಅದೊಂದೇ ಶ್ರುತಿ.

*ನೀರು ತಣ್ಣಗಿದೆ, ಹೊತ್ತು ಇಳಿದಿದೆ,*
*ಆಚೆ ದಡದಲ್ಲಿ ಒಬ್ಬ ಕಾದಿದ್ದಾನೆ—*

ಡಾಯ್ಲ್ ಬಾಯಿ ತೆರೆಯಲಿಲ್ಲ. ಅವನ ಕಿವಿಗಳು ಕೆಂಪಾದವು. ಪೆಟ್ಟಿಗೆಯ ಮೇಲಿಂದ ಅಣ್ಣನನ್ನು ನೋಡುತ್ತ ನಿಂತ. ಆರಿನ್ ಕಣ್ಣು ಮುಚ್ಚಿ ಹಾಡುತ್ತಲೇ ಇದ್ದ.

"ಬೇಕಂತ್ಲೇ," ಅಂದ ಡಾಯ್ಲ್.

ನಾನು ತಲೆಯಾಡಿಸಿದೆ. ಅಲ್ಲ, ಅಲ್ಲ.

"ಇಷ್ಟು ಜನರ ಮುಂದೆ ನಾನು ಒಡಕು ಡಬ್ಬದ ಹಾಗೆ ಒದರ್ಬೇಕು, ಅವನು ನೋಡ್ಬೇಕು. ಬಿಡು."

ನಾನು ಅವನ ತೋಳು ಹಿಡಿದಿದ್ದೆನೆಂದು ಅವನು 'ಬಿಡು' ಎಂದ ಮೇಲೆಯೇ ನನಗೆ ಗೊತ್ತಾದದ್ದು. ಅವನು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ, ಒರಟಾಗಿ ಏನಲ್ಲ. ಹ್ಯಾಟು ತೆಗೆದುಕೊಂಡು ನಡುವಿನ ದಾರಿಗೆ ಇಳಿದ.

ನಮ್ಮ ಸಭೆಯಲ್ಲಿ ಆರಾಧನೆಯ ಹೊತ್ತಿನಲ್ಲಿ ಹೆಂಗಸು ಮಾತಾಡುವಂತಿಲ್ಲ. ಕೂಗುವಂತಿಲ್ಲ, ಕೈ ಎತ್ತಿ ನಿಲ್ಲಿಸುವಂತಿಲ್ಲ. ಎಳೆಯ ಹುಡುಗಿಯಾಗಿದ್ದಾಗಿನಿಂದ ಆ ಮಾತನ್ನು ನಾನು ಮೀರಿದವಳಲ್ಲ, ಮೀರಬೇಕೆನಿಸಿಯೂ ಇರಲಿಲ್ಲ. ಡಾಯ್ಲನ ಬೂಟುಗಳು ಒಂದು ಬೆಂಚು ದಾಟಿದವು, ಎರಡು ದಾಟಿದವು. ಅವನು ಬಾಗಿಲು ದಾಟಿದರೆ ಮುಗಿಯಿತು. ಲವಾನನ ಕೈ ನನ್ನ ಕೈಯೊಳಗೆ ಎಷ್ಟು ಹಗುರವಾಗಿತ್ತೆಂಬುದು ನೆನಪಾಯಿತು. ಹೂಂ ಎಂದವಳು ನಾನೇ.

ಮಾತಾಡುವಂತಿಲ್ಲ. ಆದರೆ ಹಾಡಲೇಬೇಕು, ಅದೂ ಕಟ್ಟುಪಾಡೇ.

ಅಪ್ಪನ ಶ್ರುತಿಯನ್ನು ನನ್ನೊಳಗೆ ಎಲ್ಲಿಯೂ ಹುಡುಕಬೇಕಾಗಿರಲಿಲ್ಲ. ನಾನು ಜಾತ್ರೆಗಳಲ್ಲಿ ಹಾಡಿದವಳಲ್ಲವಲ್ಲ, ಪಾತ್ರೆ ತೊಳೆಯುತ್ತ ಹಾಡಿದವಳು. ನನ್ನ ದನಿಯನ್ನು ಆ ತಗ್ಗಿನ ಶ್ರುತಿಯಲ್ಲಿ ತೆಗೆದೆ. ಮೆಲ್ಲಗಲ್ಲ, ಎದೆ ತುಂಬಿಕೊಂಡು. ಇಡೀ ಸಭೆ ಒಂದು ಎತ್ತರದಲ್ಲಿ ಹಾಡುತ್ತಿದ್ದರೆ ನಾನೊಬ್ಬಳು ಅದಕ್ಕೆ ಒಂದು ಮೆಟ್ಟಿಲು ಕೆಳಗೆ, ಅದೇ ಸಾಲನ್ನು, ಗರಗಸ ಮೊಳೆಗೆ ತಗುಲಿದ ಹಾಗೆ. ಪಕ್ಕದ ಬೆಂಚಿನ ಸಿಸ್ಟರ್ ಓಪಲ್ ಹೌಹಾರಿ ನನ್ನ ಕಡೆ ತಿರುಗಿದಳು. ನನಗೆ ಮೈಯೆಲ್ಲ ನಾಚಿಕೆ. ನಿಲ್ಲಿಸಲಿಲ್ಲ.

ಆರಿನ್ನನ ಕಿವಿ ಯಾವ ಅಪಸ್ವರವನ್ನೂ ತಾಳದು. ಅವನ ಹುಬ್ಬು ಗಂಟಿಕ್ಕಿತು. ಕಣ್ಣು ತೆರೆದ. ಯಾರು ಕೆಡಿಸುತ್ತಿದ್ದಾರೆಂದು ಹುಡುಕಿ ನನ್ನನ್ನು ಕಂಡ. ನನ್ನ ಪಕ್ಕದ ಖಾಲಿ ಜಾಗವನ್ನು ಕಂಡ. ಆಮೇಲೆ ದಾರಿಯಲ್ಲಿ ಹೋಗುತ್ತಿದ್ದ ಬೆನ್ನನ್ನು.

ಎತ್ತಿದ ಕೈ ಕೆಳಗೆ ಬಿತ್ತು.

ಹಾಡು ಒಮ್ಮೆಲೇ ನಿಲ್ಲಲಿಲ್ಲ. ಮುಂದಿನ ಬೆಂಚುಗಳು ನಿಂತವು, ನಡುವಿನವು ತಡವರಿಸಿದವು, ಹಿಂದಿನವರು ಇನ್ನೂ ಅರ್ಧ ಸಾಲು ಎಳೆದು ಗಾಬರಿಯಿಂದ ಸುಮ್ಮನಾದರು. ಕಿಟಕಿಗೆ ಮರಳು ಬಡಿಯುವುದೊಂದೇ ಸದ್ದು. ಡಾಯ್ಲ್ ಬಾಗಿಲಿಗೆ ನಾಲ್ಕಾರು ಹೆಜ್ಜೆ ಇದ್ದಾಗ ನಿಂತ. ನಮ್ಮ ಸಭೆಯಲ್ಲಿ ಮಣ್ಣಿನ ಹಾಡು ಹೀಗೆ ಅರ್ಧಕ್ಕೆ ಕಡಿದದ್ದನ್ನು ಯಾರೂ ಕಂಡಿರಲಿಲ್ಲ.

"ಮೇಲೆ ಎತ್ತಿಬಿಟ್ಟೆ," ಅಂದ ಆರಿನ್. "ಇದು ಅಪ್ಪನದಲ್ಲ. ರೆಕಾರ್ಡಿಂದು. ನನಗೆ... ತಪ್ಪಾಯ್ತು."

ಈ ಒಂದು ಪದ ಅವನ ಬಾಯಿಂದ ಬರಲೆಂದು ಎರಡು ಕಡೆಯ ವಕೀಲರು ಎಷ್ಟು ಕಾಲ ಹೆಣಗಿದ್ದರು! ಡಾಯ್ಲ್ ಮಾತ್ರ ತಿರುಗಲಿಲ್ಲ.

ಆರಿನ್ ಮತ್ತೆ ಕೈ ಎತ್ತಿದ, ಸ್ವರ ಹಿಡಿದ. ಅದೇ ಸ್ವರ. ತಾನೇ ತಲೆಯಲ್ಲಾಡಿಸಿ ಬಿಟ್ಟ. ಎದೆಗೆ ಗದ್ದ ಒತ್ತಿ ಇನ್ನೊಮ್ಮೆ ಹಿಡಿದ. ಈ ಸಲ ಕೆಳಗೆ ಹೋಯಿತು, ತೀರ ಕೆಳಗೆ, ಎಲ್ಲಿಯೂ ಅಲ್ಲದ ಕಡೆ. ಹಿಂದಿನಿಂದ ಯಾರೋ ಕೆಮ್ಮಿದರು. ಅವನ ಹಣೆಯ ಮೇಲೆ ಬೆವರು ಮೂಡಿತು. ಹಾಲಿಸ್ ಕೋಟಿನ ಜೇಬಿಗೆ ಕೈ ಹಾಕಿ ಶ್ರುತಿಬಿಲ್ಲೆಯನ್ನು ತೆಗೆಯುತ್ತಿದ್ದರು. ನಾನೂ ಹಿಡಿದು ಕೊಡಬಹುದಿತ್ತು. ಸ್ವರ ನನ್ನ ಬಾಯಲ್ಲೇ ಇತ್ತು. ಬಾಯಿ ಮುಚ್ಚಿಕೊಂಡೆ.

"ನನಗೆ ಸಿಗ್ತಿಲ್ಲ," ಅಂದ ಆರಿನ್. ಹಾಲಿಸ್ ಚಾಚಿದ ಬಿಲ್ಲೆಯನ್ನು ಅವನು ನೋಡಲಿಲ್ಲ. ಬಾಗಿಲ ಕಡೆ ನೋಡುತ್ತಿದ್ದ. "ಡಾಯ್ಲ್. ನೀನೇ ಕೊಡು."

ಹಾಲಿಸ್ ಒಂದು ಹೆಜ್ಜೆ ಮುಂದಿಟ್ಟರು. ಸಭೆ ಬಿಟ್ಟು ಹೋದವನು ಸಭೆಗೆ ಹಾಡು ಎತ್ತಿಕೊಡುವುದೆಂದರೆ ಏನೆಂದು ಅಲ್ಲಿದ್ದ ನಮಗೆಲ್ಲ ಗೊತ್ತಿತ್ತು. ಅವರ ಬಾಯಿ ತೆರೆಯಿತು. ಅವರು ಪೆಟ್ಟಿಗೆಯನ್ನು ನೋಡಿದರು, ಆರಿನ್ನನ ಮುಖವನ್ನು ನೋಡಿದರು. ಆ ಹೆಜ್ಜೆಯಲ್ಲೇ ನಿಂತುಬಿಟ್ಟರು.

ಡಾಯ್ಲನ ಬೆನ್ನು ನಮಗೆ ಕಾಣುತ್ತಿತ್ತು. ಹ್ಯಾಟಿನ ಅಂಚನ್ನು ಬೆರಳುಗಳಲ್ಲಿ ತಿರುಗಿಸುತ್ತಿದ್ದ. ಹೋಗಬಹುದಿತ್ತು. ಬಾಗಿಲು ಅಲ್ಲೇ ಇತ್ತು, ಮಾರ್ಲಿಸ್ ಊರುಗೋಲನ್ನು ಪಕ್ಕಕ್ಕೆ ಸರಿಸಿ ದಾರಿ ಕೂಡ ಬಿಟ್ಟಿದ್ದಳು.

"ಕೊಡಪ್ಪ," ಅಂದಳು ಮಾರ್ಲಿಸ್. ನಮ್ಮ ಕಟ್ಟುಪಾಡು ಅವಳಿಗೆ ಗೊತ್ತಿರಲಿಲ್ಲ. "ಎಷ್ಟು ದೂರದಿಂದ ಬಂದಿದೀವಿ."

ಡಾಯ್ಲ್ ತಿರುಗದೆಯೇ ಸ್ವರ ಕೊಟ್ಟ.

ಎಷ್ಟು ಸಣ್ಣ ಸದ್ದು ಅದು. ಬಾಗಿಲ ಮರದ ಕಡೆ ಮುಖ ಮಾಡಿ, ಮೂಗಿನಲ್ಲಿ, ಮುದುಕನೊಬ್ಬ ತನಗೆ ತಾನೇ ಹಿಡಿದುಕೊಂಡ ಹಾಗೆ. ನಮ್ಮ ಸಭೆಯ ಹಳಬರ ತಲೆಗಳು ಒಮ್ಮೆಗೇ ಎದ್ದವು. ಸಿಸ್ಟರ್ ಓಪಲ್ ಬಾಯಿಗೆ ಕೈ ಇಟ್ಟುಕೊಂಡಳು. ಅದು ಇದ್ದದ್ದು ಇದ್ದ ಹಾಗೆ ಅಪ್ಪನದು.

ಹಾಡು ಮೊದಲಿನಿಂದ ಹೊರಟಿತು. ಹಿಂದಿನವರು ಮೊದಲ ಸಾಲಿನಲ್ಲಿ ಎಡವಿದರು. ತಮ್ಮ ಹಾಡು ಇಷ್ಟು ತಗ್ಗಿನಲ್ಲಿ, ಇಷ್ಟು ನಿಧಾನ ಇರಬಹುದೆಂದು ಅವರಿಗೆ ಗೊತ್ತಿರಲಿಲ್ಲ. ಎರಡನೆಯ ಸಾಲಿಗೆ ಇಳಿದು ಬಂದರು. ಇಳಿದ ಮೇಲೆ ಅವರಲ್ಲಿನ ಗಂಡಸರ ದನಿಗಳೂ ಸಲೀಸಾಗಿ ಬಿಚ್ಚಿಕೊಂಡವು. ಆಗ ಡಾಯ್ಲ್ ಮೇಲಿನ ದನಿ ಹಿಡಿದ. ಸೀಳು ಬಿಟ್ಟ ದನಿ, ಗಾಳಿಪಟವಲ್ಲ ಈಗ. ಆದರೆ ಮುಟ್ಟಬೇಕಾದ ಕಡೆ ಮುಟ್ಟಿತು. ಹಾಡುತ್ತಲೇ ಅವನು ತಿರುಗಿದ. ಹಾಡುತ್ತಲೇ ದಾರಿಯಲ್ಲಿ ಹಿಂದಕ್ಕೆ ನಡೆದು ಬಂದ. ನನ್ನ ಪಕ್ಕಕ್ಕೆ ಬರಲಿಲ್ಲ. ಪೆಟ್ಟಿಗೆಯ ಈಚೆ ಬದಿಗೆ ಹೋಗಿ ನಿಂತ, ಆರಿನ್ನನ ಎದುರಿಗೆ.

ನಾನು ಆರಿನ್ನನ ದನಿಗೆ ಕಿವಿಗೊಟ್ಟೆ. ಕೇಳಿಸಲಿಲ್ಲ.

ಸಿಟ್ಟಾದನೆ? ಎಲ್ಲರೆದುರು ಸೋತೆನೆಂದು ಸುಮ್ಮನಾದನೆ? ಎಂಥ ಗದ್ದಲದಲ್ಲೂ ಮೇಲೆ ತೇಲುವ ದನಿ ಅವನದು. ಆ ದನಿಯ ಮೇಲೆಯೇ ಹೆಸರಿನ ಮೊಕದ್ದಮೆ ಗೆದ್ದದ್ದು. ನೋಡಿದರೆ ಅವನ ತುಟಿಗಳು ಆಡುತ್ತಿದ್ದವು. ಧಾಟಿ ಮಾತ್ರ ಹಿಂದಿನ ಬೆಂಚುಗಳಿಂದ ಬರುತ್ತಿತ್ತು. ಮಾರ್ಲಿಸ್, ಮಾಸಿದ ಅಂಗಿಯವರು, ಊರೂರಿನಿಂದ ಬಂದವರೆಲ್ಲ ಅದನ್ನು ಹೊತ್ತುಕೊಂಡಿದ್ದರು. ಅವರಿಗೆ ಎತ್ತಿಕೊಡುವವನು ಬೇಕಾಗಿರಲಿಲ್ಲ.

ಆಗ ನನಗೆ ಕೇಳಿಸಿತು, ಅಥವಾ ಕೇಳಿಸದೇ ಇರುವುದು ಅರಿವಿಗೆ ಬಂತು. ಧಾಟಿಗೂ ಡಾಯ್ಲನ ದನಿಗೂ ನಡುವೆ ಬರಿದಾಗಿರಬೇಕಿತ್ತು. ಬೆಳಿಗ್ಗೆಯಿಂದ ಆ ಬರಿದನ್ನು ಕೇಳಲು ನಾನು ಮನಸ್ಸು ಗಟ್ಟಿಮಾಡಿಕೊಂಡು ಬಂದಿದ್ದೆ. ಅದು ಬರಿದಾಗಿರಲಿಲ್ಲ. ಆರಿನ್ ಲವಾನನ ದನಿ ಹಾಡುತ್ತಿದ್ದ. ತಗ್ಗಿಸಿ, ತನಗೇ ಕೇಳಿಸದಷ್ಟು ತಗ್ಗಿಸಿ, ಬದುಕಿನಲ್ಲಿ ಎಂದೂ ಹಾಡದ ಆ ನಡುವಿನ ದಾರಿಯನ್ನು ಒಂದೊಂದೇ ಸ್ವರ ತಡವಿಕೊಂಡು ಹೋಗುತ್ತಿದ್ದ. ಅಲ್ಲಲ್ಲಿ ಜಾರುತ್ತಿತ್ತು. ಹಿಡಿದುಕೊಳ್ಳುತ್ತಿದ್ದ.

ಡಾಯ್ಲನಿಗೂ ಗೊತ್ತಾಯಿತು. ಅವನ ದನಿ ಒಂದು ಗಳಿಗೆ ಕಡಿಯಿತು. ಪೆಟ್ಟಿಗೆಯ ಅಂಚಿಗೆ ಕೈ ಊರಿ ಮತ್ತೆ ಸೇರಿಕೊಂಡ.

ಕೊನೆಯ ಚರಣ ಮುಗಿದು ಯಾರೂ ಕೂರಲಿಲ್ಲ. ಹಾಲಿಸ್ ಕಣ್ಣೊರೆಸಿಕೊಂಡು ಮುಂದಿನ ಪ್ರಾರ್ಥನೆಗೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಡಾಯ್ಲ್ ಪೆಟ್ಟಿಗೆಯ ಮೇಲಿಂದ ಅಣ್ಣನ ಕಡೆ ಬಾಗಿದ. ಇಪ್ಪತ್ತೆಂಟೋ ಮೂವತ್ತೋ ವರ್ಷಗಳ ಮೇಲೆ ಅವನು ಆರಿನ್ನನಿಗೆ ಆಡಿದ ಮೊದಲ ಮಾತು ಅದು. ಗುಟ್ಟಾಗಿ ಆಡಿದನೆಂದು ಅವನ ಎಣಿಕೆ. ವಾದ್ಯವಿಲ್ಲದ ಆ ಮನೆಯಲ್ಲಿ ಸೂಜಿ ಬಿದ್ದರೂ ಕೇಳಿಸುತ್ತದೆ.

"ಮೂರನೇ ಸಾಲಲ್ಲಿ ತಪ್ಪು ಹಾಡಿದೆ."

"ಗೊತ್ತು," ಅಂದ ಆರಿನ್.

"ಲವಾನ್ ಅಲ್ಲಿ ಇಳೀತಿರ್ಲಿಲ್ಲ. ಅಲ್ಲೇ ಇರ್ತಿದ್ದ. ನಾನು ಇಳಿದು ಅವನ ಹತ್ರ ಬರ್ತಿದ್ದೆ."

"ನನಗೇನು ಗೊತ್ತು? ಅವನ ದನಿ ನನಗೆ ಯಾವತ್ತು ಕೇಳಿಸಿತ್ತು!"

ಡಾಯ್ಲ್ ಅವನನ್ನು ನೋಡಿದ. "ಸರಿ. ಮೂರನೇ ಸಾಲಿಂದ," ಅಂದ. "ಅಲ್ಲೇ ಇರು. ಅಲ್ಲಾಡ್ಬೇಡ. ನಾನು ಬರ್ತೀನಿ."

ಹಾಲಿಸ್ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಅವರು ಬೈಬಲನ್ನು ಎದೆಗೆ ಒತ್ತಿಕೊಂಡು ಹಿಂದಕ್ಕೆ ಸರಿದರು.

ಡಾಯ್ಲ್ ಸ್ವರ ಕೊಟ್ಟ.